ಹಿತ್ತಲಿಗೆ ಈಜುಕೊಳ ಬೇಕಾ? ಮೊದಲು ನೀರಿನ ದಾರಿ ನೋಡಿ

ಆಡಿಯೊ ಕೇಳೋಕೆ ಆಗದವರಿಗೆ ಇವತ್ತಿನ ಸಂಚಿಕೆಯ ಅಕ್ಷರರೂಪ ಇಲ್ಲಿದೆ.

ಇವತ್ತಿನ ವಿಷಯ ಸ್ವಲ್ಪ ಐಷಾರಾಮಿ. ಮನೆಯಲ್ಲೇ ಹೋಟೆಲ್ ಥರದ ಬಾತ್‌ರೂಮ್, ಹಿತ್ತಲಲ್ಲಿ ನಮ್ಮದೇ ಅಳತೆಯ ಈಜುಕೊಳ. ಇದನ್ನು ಬೆಂಗಳೂರಿನ ವಿಲ್ಲಾ ತೋರಿಸಿ ಹೇಳಬಹುದಿತ್ತು. ಆದರೆ ನಾನು ಹೇಳ್ತಿರೋದು ಕಾನಹೊಸಹಳ್ಳಿ ಕಡೆಯ ಒಂದು ಮನೆಯ ಕಥೆ. ವಿಜಯನಗರ ಜಿಲ್ಲೆ, ಕೂಡ್ಲಿಗಿ ತಾಲ್ಲೂಕು. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗೋ ಹೆದ್ದಾರಿಯಲ್ಲಿ ಹೋದವರು ಈ ಊರನ್ನು ದಾಟಿಯೇ ಹೋಗಿರ್ತೀರಿ. ಮನೆ ಯಾರದು ಅಂದ್ರೆ, ನಮ್ಮ ಅಣ್ಣನದು.

ಅಣ್ಣ ಹತ್ತು ವರ್ಷ ಬೆಂಗಳೂರಲ್ಲಿ ದುಡಿದು, ಊರಲ್ಲಿ ಮನೆ ಕಟ್ಟೋಕೆ ಬಂದ. ಪಾಯ ತೆಗೆಯೋ ದಿನ ಫೋನ್ ಹಿಡಿದು ಒಂದು ರೀಲ್ಸ್ ತೋರಿಸಿದ. ನೀಲಿ ನೀರು, ಸುತ್ತ ಮರದ ಹಲಗೆ, ಪಕ್ಕದಲ್ಲಿ ಗಾಜಿನ ಗೋಡೆಯ ಬಾತ್‌ರೂಮ್. 'ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲ, ನಾಲ್ಕು ಅಡಿ ಆಳ. ಇಷ್ಟೇ ಲೇ ತಮ್ಮಾ, ದೊಡ್ಡದೇನಲ್ಲ' ಅಂದ. ಪಕ್ಕದಲ್ಲೇ ಕೂತಿದ್ದ ಅವ್ವ ಫೋನನ್ನು ಕಣ್ಣ ಹತ್ತಿರ ತಗೊಂಡು ಪೂರ್ತಿ ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು: 'ಚೆಂದ ಐತಪ್ಪ. ನೀರು ಎಲ್ಲಿಂದ ತರ್ತೀ?'

ನಾನು ನಕ್ಕೆ. ಅಣ್ಣ ನಗಲಿಲ್ಲ. 'ಅಪ್ಪ ನಮ್ಮಿಬ್ಬರಿಗೂ ಬಾವಿಯಲ್ಲಿ ಈಜು ಕಲಿಸಿದ. ಸೊಂಟಕ್ಕೆ ಬೆಂಡು ಕಟ್ಟಿ ಮೇಲಿಂದ ತಳ್ಳಿದ. ಈಗ ಆ ಬಾವಿಯಲ್ಲಿ ಹಾವು, ಪಾರಿವಾಳ ಬಿಟ್ರೆ ಏನೂ ಇಲ್ಲ. ನನ್ನ ಮಗಳಿಗೆ ಎಲ್ಲಿ ಕಲಿಸಲಿ?' ಅಂದ. ಆಗ ನನಗೆ ಗೊತ್ತಾಯ್ತು, ಇದು ಬರೀ ಶೋಕಿ ಅಲ್ಲ ಅಂತ. ಅದಕ್ಕೇ ಅವ್ವನ ಪ್ರಶ್ನೆಯನ್ನೂ ಅಣ್ಣನ ಪ್ರಶ್ನೆಯನ್ನೂ ಒಟ್ಟಿಗೆ ಇಟ್ಟುಕೊಂಡು ಈ ಸಂಚಿಕೆ ಮಾಡ್ತಿದ್ದೀನಿ.

ಮೊದಲು ಲೆಕ್ಕ

ಕಾಗದ ಪೆನ್ನು ಬೇಡ, ಫೋನಿನ ಕ್ಯಾಲ್ಕುಲೇಟರ್ ಸಾಕು. 20 ಅಡಿ, 10 ಅಡಿ, 4 ಅಡಿ ಗುಣಿಸಿದರೆ 800 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಅಂದರೆ ಅಣ್ಣನ 'ದೊಡ್ಡದೇನಲ್ಲ' ಅನ್ನೋ ಕೊಳಕ್ಕೆ ಸುಮಾರು 22,600 ಲೀಟರ್ ನೀರು. ಛಾವಣಿ ಮೇಲೆ ಕೂರಿಸ್ತೀವಲ್ಲ, ಸಾವಿರ ಲೀಟರಿನ ಕಪ್ಪು ಟ್ಯಾಂಕ್, ಅಂಥವು ಇಪ್ಪತ್ತೆರಡಕ್ಕೂ ಜಾಸ್ತಿ.

ಇದನ್ನು ಇನ್ನೊಂದು ಅಂಕಿಯ ಪಕ್ಕ ಇಡಿ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಕುಡಿಯೋಕೆ, ಅಡುಗೆಗೆ, ಜಳಕಕ್ಕೆ, ಬಟ್ಟೆಗೆ, ಪಾತ್ರೆಗೆ ಎಲ್ಲಾ ಸೇರಿ. ಐದು ಜನರ ಮನೆಗೆ 275 ಲೀಟರ್. ಒಂದು ಸಲ ಕೊಳ ತುಂಬಿಸೋ ನೀರಲ್ಲಿ ಅಂಥ ಒಂದು ಮನೆ 82 ದಿನ ನಡೆಯುತ್ತೆ.

'ಒಂದು ಸಲ ತುಂಬಿಸಿದ್ರೆ ಆಯ್ತಲ್ಲ' ಅಂತೀರಾ? ಅಣ್ಣನೂ ಅದನ್ನೇ ಅಂದ. ಅರ್ಧ ಸರಿ. ಚೆನ್ನಾಗಿ ನೋಡಿಕೊಂಡರೆ ಕೊಳದ ನೀರನ್ನು ಪದೇ ಪದೇ ಬದಲಿಸಬೇಕಿಲ್ಲ. ಆದರೆ ಆವಿ ಆಗೋದು ನಿಲ್ಲಲ್ಲ. ನಮ್ಮ ಕಡೆಯ ಬೇಸಿಗೆ ಗಾಳಿ ನಿಮಗೆ ಗೊತ್ತು, ಒಗೆದ ಪಂಚೆ ಅರ್ಧ ತಾಸಲ್ಲಿ ಗರಿಗರಿ. ದಿನಕ್ಕೆ ಬರೀ 6 ಮಿಲಿಮೀಟರ್ ನೀರು ಇಳಿಯುತ್ತೆ ಅಂತ ಹಿಡಿಯೋಣ. ಇಷ್ಟಗಲದ ಕೊಳದಲ್ಲಿ ಅದು ಸುಮಾರು 110 ಲೀಟರ್. ಇಬ್ಬರ ಒಂದು ದಿನದ ಪಾಲಿನ ನೀರು ಯಾರೂ ಮುಟ್ಟದೆ ಗಾಳಿಗೆ ಹೋಯ್ತು. ಮೂರು ತಿಂಗಳ ಬೇಸಿಗೆಗೆ ಹತ್ತು ಸಾವಿರ ಲೀಟರ್.

ಬರ ಬಂದ ವರ್ಷ ಏನಾಗುತ್ತೆ ಅನ್ನೋದನ್ನು ನಾವೆಲ್ಲ ನೋಡಿದ್ದೀವಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಮರುವರ್ಷ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಕ್ಕೆ ಕುಡಿಯೋ ನೀರು ಬಳಸಬಾರದು ಅಂತ ನಿಷೇಧ ಹೇರಿತು, ಮೀರಿದರೆ 5,000 ರೂಪಾಯಿ ದಂಡ. ಕಾವೇರಿ ನೀರು ಬರೋ ಊರಲ್ಲೇ ಹೀಗಾದರೆ, ಕೊಳವೆಬಾವಿಯೇ ಗತಿ ಅನ್ನೋ ನಮ್ಮ ಕಡೆ ಹೇಗೆ?

ಹಂಪಿಯವರು ಏನು ಮಾಡಿದ್ರು?

ಲೆಕ್ಕ ಕೇಳಿ ಅಣ್ಣ ಸ್ವಲ್ಪ ಮಂಕಾದ. ಮುಂದಿನ ಭಾನುವಾರ ಇಬ್ಬರೂ ಬೈಕ್ ಹತ್ತಿ ಹಂಪಿಗೆ ಹೋದೆವು. ಯಾಕಂದ್ರೆ ಕರ್ನಾಟಕದಲ್ಲಿ ಐಷಾರಾಮಿ ಸ್ನಾನದ ಮನೆ ಅಂದ ತಕ್ಷಣ ನೆನಪಾಗೋದು ನಮ್ಮ ಜಿಲ್ಲೆಯಲ್ಲೇ ಇದೆ. ಅದೇ, ರಾಣಿಯರ ಸ್ನಾನಗೃಹ.

ಹೊರಗಿಂದ ನೋಡಿದರೆ ನಿರಾಸೆ ಆಗುತ್ತೆ. ಸುಮಾರು 30 ಮೀಟರ್ ಚೌಕದ ಬೋಳು ಗೋಡೆ. ಒಳಗೆ ಹೋದ್ರೆ ಬೇರೆಯೇ ಲೋಕ. ಸುತ್ತ ಕಮಾನಿನ ಪಡಸಾಲೆ, ನೀರಿನ ಮೇಲೆ ಚಾಚಿಕೊಂಡಿರೋ ಕಿಟಕಿ ಮಾಡಗಳು, ಗಾರೆಯ ಅಲಂಕಾರ, ನಡುವೆ ಆಕಾಶಕ್ಕೆ ತೆರೆದ ಕೊಳ. ಕೊಳ ಸುಮಾರು 15 ಮೀಟರ್ ಚೌಕ, 1.8 ಮೀಟರ್ ಆಳ. ಲೆಕ್ಕ ಹಾಕಿದರೆ ನಾಲ್ಕು ಲಕ್ಷ ಲೀಟರ್. ಅಣ್ಣನ ಕೊಳದ ಹದಿನೆಂಟು ಪಟ್ಟು!

ಅಣ್ಣ ತಕ್ಷಣ ಹೇಳಿದ: 'ನೋಡು, ಅವರು ಕಟ್ಟಲಿಲ್ವಾ?' ಕಟ್ಟಿದ್ರು. ಆದರೆ ಹೇಗೆ ಕಟ್ಟಿದ್ರು ಅನ್ನೋದು ಸ್ನಾನಗೃಹದ ಒಳಗೆ ಕಾಣಲ್ಲ, ಅದರ ಹೊರಗೆ ಕಾಣುತ್ತೆ. ಕಟ್ಟಡದ ಸುತ್ತ ಕಂದಕ ಇದೆ, ನೀರು ತರೋ ಕಾಲುವೆಯ ಗುರುತಿದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಅರಮನೆ ಆವರಣದಲ್ಲಿ ಮೆಟ್ಟಿಲು ಪುಷ್ಕರಣಿ. ಕಪ್ಪು ಕಲ್ಲಿನ, ಅಳತೆ ಹಿಡಿದು ಜೋಡಿಸಿದ ಐದು ಹಂತದ ಮೆಟ್ಟಿಲು. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಸಿಕ್ಕಿದ್ದು. ಹತ್ತಿರದಿಂದ ನೋಡಿದ್ರೆ ಕಲ್ಲುಗಳ ಮೇಲೆ ಅಕ್ಷರ, ಅಂಕಿ ಕೆತ್ತಿರೋದು ಕಾಣುತ್ತೆ, ಯಾವ ಕಲ್ಲು ಎಲ್ಲಿ ಕೂರಬೇಕು ಅನ್ನೋ ಗುರುತು. ಅದರ ಪಕ್ಕದಲ್ಲೇ ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿ ಇಟ್ಟಂತೆ ಉದ್ದಕ್ಕೆ ಮೇಲ್ಗಾಲುವೆ. ಆವರಣದಲ್ಲಿ ಸುಟ್ಟ ಮಣ್ಣಿನ ಕೊಳವೆಗಳೂ ಸಿಕ್ಕಿವೆ.

ಆ ಮೇಲ್ಗಾಲುವೆಯ ಹಿಂದೆ ಕಮಲಾಪುರದ ಕೆರೆಯಂಥ ದೊಡ್ಡ ಕೆರೆಗಳಿದ್ವು, ತುಂಗಭದ್ರೆಗೆ ಅಡ್ಡಕಟ್ಟೆ ಹಾಕಿ ತಿರುಗಿಸಿದ ಕಾಲುವೆಗಳಿದ್ವು. 1565ರಲ್ಲಿ ರಾಜಧಾನಿ ಹಾಳಾಯ್ತು, ಸ್ನಾನಗೃಹ ಇವತ್ತು ಒಣಗಿ ನಿಂತಿದೆ. ಆದರೆ ತುರ್ತು ಕಾಲುವೆಯಂಥ ಆ ಕಾಲದ ಕಾಲುವೆಗಳಲ್ಲಿ ಈಗಲೂ ನೀರು ಹರೀತಿದೆ, ಹಂಪಿಯ ಬಾಳೆ, ಭತ್ತ ಅದರಿಂದಲೇ ಬೆಳೆಯುತ್ತೆ.

ನನಗೆ ಅನ್ನಿಸಿದ್ದು ಇಷ್ಟು. ಅವರು ಮೊದಲು ಕೆರೆ ಕಟ್ಟಿದ್ರು, ಆಮೇಲೆ ಕಾಲುವೆ, ಕೊನೆಗೆ ಕೊಳ. ನಾವು ರೀಲ್ಸ್ ನೋಡಿ ಮೊದಲು ಕೊಳ ತೋಡ್ತೀವಿ, ಆಮೇಲೆ ಟೈಲ್ಸ್ ಆರಿಸ್ತೀವಿ, ಕೊನೆಗೆ ಟ್ಯಾಂಕರಿನವನ ನಂಬರ್ ಹುಡುಕ್ತೀವಿ. ಕ್ರಮ ತಲೆಕೆಳಗಾಗಿದೆ.

ಕೊಳ ಮಾಡಲೇಬೇಕು ಅನ್ನೋರಿಗೆ

ಎಲ್ಲರ ಊರಲ್ಲೂ ನೀರಿನ ಬರ ಇಲ್ಲ. ನಿಮ್ಮ ಹತ್ತಿರ ನೀರಿದೆ, ಜಾಗ ಇದೆ, ದುಡ್ಡಿದೆ ಅಂದರೆ ಈ ಕೆಲವು ಮಾತು ಗಮನಿಸಿ.

ಒಂದು, ಮಣ್ಣು. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಅಣ್ಣನ ಕೊಳದಲ್ಲಿ ನೀರೇ 22 ಟನ್‌ಗಿಂತ ಜಾಸ್ತಿ. ಕೆಂಪು ಮಸಾರಿ ನೆಲ ಆದ್ರೆ ಪರವಾಗಿಲ್ಲ. ಎರೆ ಭೂಮಿ ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಅದರ ಜೊತೆ ಕಾಂಕ್ರೀಟೂ ಬಿರಿಯುತ್ತೆ. ಅಲ್ಲಿ ಎಂಜಿನಿಯರ್ ಹತ್ತಿರ ಕಂಬಿ, ಪಾಯದ ಲೆಕ್ಕ ಹಾಕಿಸದೆ ಕೆಲಸ ಶುರು ಮಾಡಬೇಡಿ.

ಎರಡು, ಯಂತ್ರ. ನೀರು ನಿಂತರೆ ಕೆಡುತ್ತೆ. ಪಂಪು ಅದನ್ನು ಎಳೆದು ಮರಳಿನ ಫಿಲ್ಟರ್ ಮೂಲಕ ಹಾಯಿಸಿ ವಾಪಸ್ ಬಿಡಬೇಕು. ಸಾಮಾನ್ಯವಾಗಿ ಆರೆಂಟು ತಾಸಲ್ಲಿ ಇಡೀ ಕೊಳದ ನೀರು ಒಂದು ಸುತ್ತು ಬರೋ ಹಾಗೆ ಪಂಪು ಆರಿಸ್ತಾರೆ. ಹಳ್ಳಿಯಲ್ಲಿ ಕರೆಂಟು ಹೋದ್ರೆ? ಎರಡು ದಿನ ಪಂಪು ನಿಂತರೆ ಬಿಸಿಲಿಗೆ ಪಾಚಿ ಶುರು. ಹಾಗೇ ಬಿಟ್ಟರೆ ಸೊಳ್ಳೆಗೆ ತವರುಮನೆ. ಫಿಲ್ಟರನ್ನು ಆಗಾಗ ಉಲ್ಟಾ ನೀರು ಹಾಯಿಸಿ ತೊಳೀಬೇಕು, ಅದಕ್ಕೂ ಪ್ರತಿ ಸಲ ನೂರಾರು ಲೀಟರ್ ಬೇಕು.

ಮೂರು, ಔಷಧಿ. ನೀರಿನ ಪಿಎಚ್ 7.2ರಿಂದ 7.8ರ ಒಳಗೆ, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕು. ಬಿಸಿಲು ಕ್ಲೋರಿನನ್ನು ಬೇಗ ತಿಂದುಬಿಡುತ್ತೆ. ವಾರಕ್ಕೊಮ್ಮೆ ಬಂದು ನೋಡೋ ಆಳು ನಮ್ಮ ಊರುಗಳಲ್ಲಿ ಸಿಗೋದು ಕಷ್ಟ, ನೀವೇ ಕಲೀಬೇಕು.

ನಾಲ್ಕು, ಹೊದಿಕೆ ಮತ್ತು ಬೇಲಿ. ಬಳಸದಾಗ ಮುಚ್ಚಿಟ್ಟರೆ ಆವಿ ಬಹಳ ಕಮ್ಮಿ ಆಗುತ್ತೆ. ಗಾಳಿ ತಡೆಯೋ ಗೋಡೆ ಇದ್ರೆ ಇನ್ನೂ ಒಳ್ಳೇದು, ರಾಣಿಯರ ಸ್ನಾನಗೃಹದ ಬೋಳು ಗೋಡೆ ಮರೆಯ ಜೊತೆಗೆ ಈ ಕೆಲಸವನ್ನೂ ಮಾಡುತ್ತೆ. ಬೇಲಿ ಮಾತ್ರ ಕಡ್ಡಾಯ. ಎದೆಮಟ್ಟದ ಬೇಲಿ, ತಾನೇ ಮುಚ್ಚಿಕೊಳ್ಳೋ ಬಾಗಿಲು, ಚಿಲಕ ಮಕ್ಕಳಿಗೆ ಎಟುಕಬಾರದು. ನಮ್ಮ ಕಡೆ ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ಮೇಲೆ ಜಾರಿ ಬಿದ್ದ ಮಕ್ಕಳು ಹತ್ತಿ ಬರೋಕಾಗದೆ ಮುಳುಗಿದ ಸುದ್ದಿ ಓದ್ತಾನೇ ಇರ್ತೀವಿ. ಕೊಳಕ್ಕೂ ಹೊಂಡಕ್ಕೂ ನೀರು ಒಂದೇ.

ಐದು, ಅಳತೆ. ಮಕ್ಕಳು ಆಡೋಕೆ, ದೊಡ್ಡೋರು ಕೂತು ತಂಪಾಗೋಕೆ 8 ಅಡಿ, 6 ಅಡಿ, 4 ಅಡಿಯ ತೊಟ್ಟಿ ಸಾಕು. ಅದಕ್ಕೆ ಸುಮಾರು 5,400 ಲೀಟರ್. ದೊಡ್ಡ ಕೊಳದ ನಾಲ್ಕನೇ ಒಂದು ಪಾಲೂ ಇಲ್ಲ.

ಬಾತ್‌ರೂಮ್: ದುಡ್ಡು ಕಾಣೋ ಜಾಗ, ದುಡ್ಡು ಹಾಕೋ ಜಾಗ

ಈಗ ಬಾತ್‌ರೂಮಿಗೆ ಬರೋಣ. ನಮ್ಮ ಹಳೇ ಮನೆಗಳಲ್ಲಿ ಬಚ್ಚಲು ಅಂದ್ರೆ ಏನು? ತಾಮ್ರದ ಹಂಡೆ, ಕೆಳಗೆ ಒಲೆ, ಕೂರೋಕೆ ಕಲ್ಲು. ದೀಪಾವಳಿಯಲ್ಲಿ ನೀರು ತುಂಬೋ ಹಬ್ಬದ ದಿನ ಅದೇ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಪೂಜೆ ಮಾಡಿ ನೀರು ತುಂಬೋದು. ಮರುದಿನ ಎಣ್ಣೆ ಹಚ್ಚಿ, ಸೀಗೆಕಾಯಿ ಉಜ್ಜಿ, ಸುಡುಸುಡು ನೀರು ಹುಯ್ಯೋವಾಗ ಸಿಗ್ತಿದ್ದ ಸುಖವೂ ಐಷಾರಾಮವೇ. ಬಚ್ಚಲ ನೀರು ಹಿತ್ತಲ ಬಾಳೆಗೆ ಹೋಗ್ತಿತ್ತು. ಸ್ನಾನವನ್ನು ಭೋಗ ಅಂತ ಕರೆದು ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟವರು ನಮ್ಮವರು. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಅದಿದೆ.

ಹೊಸ ಬಾತ್‌ರೂಮಲ್ಲಿ ಕಣ್ಣಿಗೆ ಕಾಣೋದು ಟೈಲ್ಸ್, ನಲ್ಲಿ, ಗಾಜು. ದುಡ್ಡು ಹೋಗಬೇಕಾದ್ದು ಕಾಣದ ಜಾಗಕ್ಕೆ. ಟೈಲ್ಸ್ ಕೂರಿಸೋ ಮುಂಚೆ ನೀರು ಸೋರದ ಲೇಪನ ಮಾಡಿಸಿ, ಚರಂಡಿ ಬಾಯಿ ಮುಚ್ಚಿ, ಒಂದೆರಡು ದಿನ ನೀರು ನಿಲ್ಲಿಸಿ, ಕೆಳಗೆ ತೇವ ಬರುತ್ತಾ ನೋಡಿ. ಮೇಸ್ತ್ರಿ 'ಏನೂ ಆಗಲ್ಲ ಸಾರ್' ಅಂದ್ರೂ ನೋಡಿ. ನೆಲಕ್ಕೆ ಹತ್ತು ಅಡಿಗೆ ಒಂದೂವರೆ ಇಂಚಿನಷ್ಟು ಇಳಿಜಾರು ಕೊಡಿಸಿ. ಹೊಳೆಯೋ ಟೈಲ್ಸ್ ಗೋಡೆಗಿರಲಿ, ನೆಲಕ್ಕೆ ಜಾರದ್ದು. ಮನೆಯಲ್ಲಿ ವಯಸ್ಸಾದವರಿದ್ರೆ ಹಿಡಿಕೆ ಹಾಕಿಸಿ. ಜಳಕದ ಜಾಗ, ಕಮೋಡ್ ಇರೋ ಜಾಗ ಬೇರೆ ಮಾಡಿದರೆ ಅರ್ಧ ಬಾತ್‌ರೂಮ್ ಸದಾ ಒಣಗಿರುತ್ತೆ. ಹೋಟೆಲ್ ಬಾತ್‌ರೂಮ್ ಚೆಂದ ಕಾಣೋ ಗುಟ್ಟು ಇದೇ.

ರೀಲ್ಸಲ್ಲಿ ಕಾಣೋ ತಲೆ ಮೇಲಿನ ಅಗಲದ ಶವರ್ ಬಗ್ಗೆ ಒಂದು ಮಾತು. ಇಂಥವು ನಿಮಿಷಕ್ಕೆ 12–15 ಲೀಟರ್ ಸುರಿಸ್ತವೆ. ಹತ್ತು ನಿಮಿಷ ನಿಂತರೆ 120–150 ಲೀಟರ್. ಬಕೆಟಲ್ಲಿ ಮಾಡಿದ್ರೆ 20 ಲೀಟರ್. ಗಾಳಿ ಬೆರೆಸಿ ಕಮ್ಮಿ ನೀರಲ್ಲೇ ತುಂಬಿ ಸುರಿಯೋ ಹಾಗೆ ಕಾಣಿಸೋ ಶವರ್‌ಗಳು ಸಿಗ್ತವೆ. ಕೊಳ್ಳೋವಾಗ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಕೇಳಿ.

ನಮ್ಮ ಬೋರ್ ನೀರು ಗಡಸು. ಆರು ತಿಂಗಳಲ್ಲಿ ಶವರ್ ತೂತು ಕಟ್ಟುತ್ತೆ, ಗಾಜಿನ ಗೋಡೆ ಮೇಲೆ ಬಿಳಿ ಕಲೆ ಕೂರುತ್ತೆ, ಗೀಸರಿನ ಕಾಯಿಲ್‌ಗೆ ಸುಣ್ಣ ಹಿಡಿಯುತ್ತೆ. ಕಪ್ಪು ನಲ್ಲಿ, ಕಪ್ಪು ಟೈಲ್ಸ್ ಹಾಕಿಸಿದವರ ಗೋಳು ಕೇಳೋದೇ ಬೇಡ. ನೀರು ಮೆದು ಮಾಡೋ ಯಂತ್ರ ಹಾಕಬಹುದು, ಆದರೆ ಅದು ಉಪ್ಪಿನಿಂದ ನಡೆಯುತ್ತೆ. ತೊಳೆದು ಬಿಡೋ ಉಪ್ಪುನೀರನ್ನು ಗಿಡಕ್ಕೆ ಬಿಟ್ಟರೆ ಗಿಡ ಸಾಯುತ್ತೆ. ಮಳೆ ನೀರು ಮಾತ್ರ ಹುಟ್ಟಾ ಮೆದು. ಇದನ್ನು ನೆನಪಿಡಿ, ಮುಂದೆ ಬರುತ್ತೆ.

ಜೀವದ ವಿಷಯ ಎರಡು. ಗ್ಯಾಸ್ ಗೀಸರನ್ನು ಬಾತ್‌ರೂಮ್ ಒಳಗೆ ಹಾಕಿಸಲೇಬೇಡಿ. ಬಾಗಿಲು ಕಿಟಕಿ ಮುಚ್ಚಿದಾಗ ಹುಟ್ಟೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆ ಸುತ್ತಿತು ಅನ್ನೋದರೊಳಗೆ ಮನುಷ್ಯ ಬಿದ್ದಿರ್ತಾನೆ. ಕರೆಂಟಿನ ಗೀಸರ್ ಆದ್ರೆ ಅರ್ಥಿಂಗ್ ಸರಿ ಇರಬೇಕು, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಟೈಲ್ಸಲ್ಲಿ ಒಂದು ಬಾಕ್ಸ್ ಕಮ್ಮಿ ಆದ್ರೂ ಇದನ್ನು ಬಿಡಬೇಡಿ.

ಕೊನೆಗೆ, ನೀರು ಹೊರಗೆ ಹೋಗೋ ದಾರಿ. ಕಮೋಡಿನ ಪೈಪು, ಜಳಕದ ನೀರಿನ ಪೈಪು ಎರಡನ್ನೂ ಮನೆ ಕಟ್ಟೋವಾಗಲೇ ಬೇರೆ ಬೇರೆ ಹಾಕಿಸಿ. ಆಗ ಅದಕ್ಕೆ ಖರ್ಚು ಬಹಳ ಕಮ್ಮಿ. ಆಮೇಲೆ ಮಾಡ್ತೀನಿ ಅಂದ್ರೆ ನೆಲ ಒಡೀಬೇಕು. ಜಳಕದ ನೀರು ಜಲ್ಲಿ, ಮರಳಿನ ಗುಂಡಿ ಹಾಯ್ದು ಬಾಳೆಗೋ ತೆಂಗಿಗೋ ಹೋಗಲಿ. ಅಜ್ಜಿ ಕಾಲದಲ್ಲಿ ಹೋಗ್ತಿದ್ದ ಹಾಗೆ.

ಅಣ್ಣನ ಗುಂಡಿ ಏನಾಯ್ತು?

ನಿಜ ಹೇಳ್ತೀನಿ, ಲೆಕ್ಕಕ್ಕೂ ಹಂಪಿಗೂ ಅಣ್ಣ ಪೂರ್ತಿ ಬಗ್ಗಲಿಲ್ಲ. ಜೆಸಿಬಿ ತರಿಸಿ ಗುಂಡಿ ತೋಡಿಸಿಯೇಬಿಟ್ಟ. ಅದೇ ವಾರ ಓಣಿಯ ನಲ್ಲಿಗೆ ನೀರು ಬರಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯವರು ಕೊಡ ಹಿಡಿದು ಬಂದರು, 'ಅಕ್ಕಾ, ಎರಡು ಕೊಡ ಬಿಡ್ರಿ' ಅಂತ. ನಮ್ಮ ಮನೆಯಲ್ಲಿ ಬೋರ್ ಇರೋದ್ರಿಂದ ಹಾಗೆ ಬರೋದು ಹಳೇ ರೂಢಿ. ಅವ್ವ ಪೈಪ್ ಹಿಡಿದು ತುಂಬಿಸಿದಳು. ಹೋಗೋವಾಗ ಅವರು ಗುಂಡಿ ನೋಡಿ ಖುಷಿಯಿಂದ ಕೇಳಿದರು: 'ಸಂಪ್ ತೆಗಿಸ್ತಿದ್ದೀರೇನು? ಒಳ್ಳೇದಾತು ಬಿಡ್ರಿ, ಬೇಸಿಗಿಗೆ ಚಿಂತಿ ಇಲ್ಲ.'

ಅಣ್ಣ ಅಲ್ಲೇ ನಿಂತಿದ್ದ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನನ್ನು ಕೇಳಿದ: 'ಛಾವಣಿ ಮೇಲೆ ಬೀಳೋ ಮಳೆ ಎಷ್ಟಾಗುತ್ತೆ, ಲೆಕ್ಕ ಹಾಕು.'

ಹಾಕಿದೆವು. 1,200 ಚದರ ಅಡಿಯ ಛಾವಣಿ ಅಂದ್ರೆ ಸುಮಾರು 111 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 55 ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ಸೋರಿ, ಆವಿಯಾಗಿ ಹೋದ್ರೂ 44 ಸಾವಿರ ಉಳಿಯುತ್ತೆ. ಬೇಡ ಅಂದ್ರೂ ನಮ್ಮ ತಲೆ ಮೇಲೆ ಎರಡು ಈಜುಕೊಳದಷ್ಟು ನೀರು ಪ್ರತಿ ವರ್ಷ ಬಿದ್ದು ಚರಂಡಿ ಸೇರ್ತಿತ್ತು.

ಅದೇ ಗುಂಡಿ ಸಂಪ್ ಆಯ್ತು. ಮೇಲೆ ಕಾಂಕ್ರೀಟ್ ಮುಚ್ಚಳ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡೋಕೆ ಒಂದು ವಾಲ್ವ್, ಆಮೇಲೆ ಜಲ್ಲಿ, ಮರಳು, ಇದ್ದಿಲಿನ ಫಿಲ್ಟರ್. ಬಾತ್‌ರೂಮಿಗೆ ಈ ಮಳೆ ನೀರೇ ಹೋಗುತ್ತೆ. ಎರಡು ವರ್ಷ ಆಯ್ತು, ಶವರ್ ತೂತು ಕಟ್ಟಿಲ್ಲ, ಗಾಜಿನ ಮೇಲೆ ಕಲೆ ಇಲ್ಲ. ಬಾತ್‌ರೂಮಿನ ಒಂದು ಮೂಲೆಗೆ ಛಾವಣಿ ಹಾಕಿಸದೆ ಆಕಾಶಕ್ಕೆ ತೆರೆದಿಟ್ಟಿದ್ದಾನೆ, ರಾಣಿಯರ ಸ್ನಾನಗೃಹ ನೋಡಿ ಬಂದ ನೆನಪಿಗೆ. ಬೆಳಿಗ್ಗೆ ಅಲ್ಲಿ ಬಿಸಿಲು ಬೀಳುತ್ತೆ. ಹಂಡೆಯೂ ಅಲ್ಲೇ ಇದೆ, ಅವ್ವ ಬಿಡಲಿಲ್ಲ.

ಮಗಳಿಗೆ ಈಜು? ಸಂಪ್ ತುಂಬಿ ಹೆಚ್ಚಾದ ನೀರನ್ನು ಪೈಪಲ್ಲಿ ಅಪ್ಪನ ಹಳೇ ಬಾವಿಗೆ ಬಿಟ್ಟಿದ್ದೀವಿ. ಹೋದ ಮಳೆಗಾಲ ಮುಗಿದಾಗ ತಳದಲ್ಲಿ ಮೂರು ಅಡಿ ನೀರು ನಿಂತಿತ್ತು. ಬೇಸಿಗೆಗೆ ಮತ್ತೆ ಇಂಗಿತು. ಈಜೋಕೆ ಸಾಲದು, ಅವಳಿಗೆ ಸದ್ಯಕ್ಕೆ ರಜೆಯಲ್ಲಿ ಪಟ್ಟಣದ ಕ್ಲಾಸೇ ಗತಿ. ಆದರೆ ಪ್ರತಿ ಮಳೆ ಆದ ಮೇಲೆ ಅಣ್ಣ ಟಾರ್ಚ್ ಹಿಡಿದು ಬಾವಿಗೆ ಇಣುಕ್ತಾನೆ, ಜೊತೆಗೆ ಅವಳೂ ಇಣುಕ್ತಾಳೆ.

ನಿಮ್ಮ ಊರಲ್ಲಿ ಈಜು ಕಲಿತ ಬಾವಿ ಯಾವುದು, ಅದರಲ್ಲಿ ಈಗ ನೀರಿದೆಯಾ? ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀವಿ. ಮನೆ ಕಟ್ಟಿಸ್ತಿರೋ ಗೆಳೆಯರಿದ್ರೆ ಟೈಲ್ಸ್ ಅಂಗಡಿಗೆ ಹೋಗೋ ಮುಂಚೆ ಅವರಿಗೆ ಇದನ್ನು ಫಾರ್ವರ್ಡ್ ಮಾಡಿ.